ಒನಕೆ ನಿಂತಾಗ ಕೇಳಿದ ಹೆಸರು

ಈ ಹೆಸರು ನಮ್ಮ ಕುಟುಂಬದವರ ಬಾಯಿಗೆ ಯಾವತ್ತೂ ಬರಲಿಕ್ಕಿಲ್ಲ ಎಂದು ಹೇಳಿದವರು ನನ್ನ ಸೋದರಮಾವ, ಅಮ್ಮನ ಅಣ್ಣ. ಹೇಳಿದ್ದು ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ. ಹಾಗಾಗಿ ನಾನೇ ಕೇಳಿದ್ದೇನೆ ಎನ್ನುವ ಹಾಗಿಲ್ಲ. ಆದರೆ ಅಮ್ಮ ಅದನ್ನು ಎಷ್ಟು ಸಲ ಹೇಳಿದ್ದಾಳೆಂದರೆ, ಅವರು ಎಲ್ಲಿ ಕುಳಿತಿದ್ದರು, ಎಲೆಯಡಿಕೆ ಉಗುಳಲು ನಡುವೆ ಎದ್ದು ಹೋದವರು ವಾಪಸು ಬಂದು ಮಾತನ್ನು ಹೇಗೆ ಮುಗಿಸಿದರು ಎಂಬುದೆಲ್ಲ ಈಗ ನನಗೆ ಕಂಡ ಹಾಗೆಯೇ ಇದೆ.

ನಮ್ಮ ಮನೆ ಬೆಳುವಾಯಿಯಲ್ಲಿ. ಜೈನರ ಒಂದು ದೊಡ್ಡಮನೆಯ ಗದ್ದೆಗೆ ನಾವು ಒಕ್ಕಲು. ನಮ್ಮಂಥವರ ಮನೆಗಳಲ್ಲಿ ಮಗುವಿಗೆ ಹೆಸರು ಹುಡುಕುವ ಕೆಲಸವೇ ಇರಲಿಲ್ಲ. ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದವನು ಐತ, ಮಂಗಳವಾರದವಳು ಅಂಗಾರು, ಶುಕ್ರವಾರದವಳು ತುಕ್ರು. ಒಂದೇ ಗದ್ದೆಯಲ್ಲಿ ನೇಜಿ ನೆಡುವಾಗ ಮೂವರು ತುಕ್ರುಗಳಿದ್ದರೆ ಗುಡ್ಡೆಯ ತುಕ್ರು, ತೋಡಿನ ಬದಿಯ ತುಕ್ರು, ಕುಳ್ಳಿ ತುಕ್ರು ಎಂದು ಕರೆದರೆ ಸಾಕು, ಯಾರಿಗೂ ತೊಂದರೆ ಇಲ್ಲ. ಹೆಸರು ಕೇಳಿದ ಕೂಡಲೇ ಇವರು ಯಾವ ಮನೆಯವರು, ಎಲ್ಲಿ ನಿಲ್ಲಬೇಕಾದವರು ಎಂಬುದು ಎದುರಿನವರಿಗೆ ಗೊತ್ತಾಗುತ್ತಿತ್ತು.

ನಾನು ಹುಟ್ಟಿದ್ದು ಶುಕ್ರವಾರ.

ತೊಟ್ಟಿಲಿಗೆ ಹಾಕುವ ದಿನ ಮಗುವಿನ ಸೊಂಟಕ್ಕೆ ನೂಲು ಕಟ್ಟಿ ಕಿವಿಯಲ್ಲಿ ಹೆಸರು ಹೇಳುವ ಹಕ್ಕು ಸೋದರಮಾವನದು. ನಮ್ಮಲ್ಲಿ ಮನೆತನ ಹೆಣ್ಣಿನ ಕಡೆಯಿಂದ ನಡೆಯುವುದು, ಅಪ್ಪನಿಗೆ ಅಲ್ಲಿ ಮಾತಿಲ್ಲ. ಮಾವ ನೂಲು ಕಟ್ಟಿ ಕಿವಿಯ ಹತ್ತಿರ ಬಗ್ಗುವಷ್ಟರಲ್ಲಿ ಅಮ್ಮ, “ಅಣ್ಣ, ಇರುವಂತಿ ಅಂತ ಹೇಳು” ಅಂದಳಂತೆ.

“ಅದೆಂಥದು?”

“ಹೆಸರು. ಒಬ್ಬಳು ರಾಣಿಯದು. ದೊಡ್ಡಮನೆಯ ಓದಿನಲ್ಲಿ ಬಂದದ್ದು.”

ಮಾವ ನೆಟ್ಟಗೆ ಕುಳಿತರು. “ಭತ್ತ ಕುಟ್ಟಲಿಕ್ಕೆ ಹೋದವಳು ರಾಣಿಯ ಹೆಸರು ಕಟ್ಟಿಕೊಂಡು ಬಂದದ್ದಾ? ಧಣಿಗಳ ಕಿವಿಗೆ ಬಿದ್ದರೆ ನಾಳೆ ಗದ್ದೆ ಬಿಟ್ಟು ಏಳಬೇಕಾದೀತು. ಇದು ನಮ್ಮ ಬಾಯಿಗೆ ಬರುವ ಹೆಸರಲ್ಲ ಮಾರಾಯ್ತಿ. ಯಾವತ್ತೂ ಬರಲಿಕ್ಕಿಲ್ಲ.”

ಹಾಗೆ ಹೇಳಿ ನನ್ನ ಕಿವಿಯಲ್ಲಿ ಮೂರು ಸಲ ತುಕ್ರು ಎಂದರು. ಅಲ್ಲಿಗೆ ಮುಗಿಯಿತು ಎಂದು ಅವರು ತಿಳಿದುಕೊಂಡರು.

ಆ ಹೆಸರು ಅಮ್ಮನಿಗೆ ಸಿಕ್ಕಿದ್ದು ಹೀಗೆ. ದೊಡ್ಡಮನೆಯ ಕೊಟ್ಟಿಗೆಯಲ್ಲಿ ಐದಾರು ಹೆಂಗಸರು ಸೇರಿ ಭತ್ತ ಕುಟ್ಟುತ್ತಿದ್ದರು, ಅಮ್ಮನೂ ಅವರಲ್ಲಿ ಒಬ್ಬಳು. ಮಳೆ ಬಿಡದೆ ಸುರಿಯುವ ಆಟಿ ತಿಂಗಳಲ್ಲಿ ಗದ್ದೆಯ ಕೆಲಸ ಕಡಿಮೆ. ಆಗ ಆ ಮನೆಯ ಚಾವಡಿಯಲ್ಲಿ ಮಧ್ಯಾಹ್ನದ ಮೇಲೆ ಹಳಗನ್ನಡದ ಓದು ನಡೆಯುತ್ತಿತ್ತು. ಮೂಡುಬಿದಿರೆಯಿಂದ ಬರುತ್ತಿದ್ದ ಒಬ್ಬರು ಹಿರಿಯರು ರಾಗವಾಗಿ ಓದುವರು, ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಅರ್ಥ ಹೇಳುವರು. ಕೇಳುವವರು ಆ ಮನೆಯ ಹಿರಿಯಮ್ಮ ಮತ್ತು ನೆಂಟರು. ಕೊಟ್ಟಿಗೆಯ ಹೆಂಗಸರನ್ನು ಯಾರೂ ಕೇಳಲು ಕರೆದದ್ದಲ್ಲ. ಆದರೆ ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು, ಓದು ಶುರುವಾದರೆ ಒನಕೆ ನಿಲ್ಲಬೇಕು. ಸದ್ದು ಆಗಬಾರದಲ್ಲ. ಹಾಗಾಗಿ ಒಂದು ಗಳಿಗೆ ಹೊತ್ತು ಹೆಂಗಸರಿಗೆ ಕೆಲಸವಿಲ್ಲ. ಹೆಚ್ಚಿನವರು ಗೋಡೆಗೆ ಒರಗಿ ತೂಕಡಿಸುತ್ತಿದ್ದರು. ಏಳು ತಿಂಗಳ ಬಸುರಿ ಅಮ್ಮ ಹೊಸ್ತಿಲ ಹತ್ತಿರ ಕುಳಿತು ಕಿವಿ ಕೊಟ್ಟಳು.

ಆ ದಿನ ಅರ್ಥ ಹೇಳುವವರಿಗೆ ಜ್ವರ, ಬಂದಿರಲಿಲ್ಲ. ಬರೀ ಓದು. ಹಾಡಿನ ನಡುವೆ ಇರುವಂತಿ ಎಂಬ ಶಬ್ದ ಬಂತು. ಓದುವವರು ಅದನ್ನು ಎಳೆದು, ನಿಲ್ಲಿಸಿ, ಮತ್ತೊಮ್ಮೆ ಹಾಡಿದರು. ಸರಿ ಅದೇ ಹೊತ್ತಿಗೆ ಹಿರಿಯಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ಅಮ್ಮ ನೋಡಿದಳು. ಹೆಸರು ಹೇಳಿದ ಮಾತ್ರಕ್ಕೆ ಅಂಥವರ ಕಣ್ಣಲ್ಲಿ ನೀರು ಬರಬೇಕಾದರೆ ಅದು ರಾಣಿಯೇ ಇರಬೇಕು, ಅದೂ ಕಷ್ಟಪಟ್ಟ ರಾಣಿ. ಅಮ್ಮ ಅಷ್ಟಕ್ಕೇ ನಿಲ್ಲಿಸಲಿಲ್ಲ. ವರ್ಷ ಹೋದ ಹಾಗೆ ಆ ರಾಣಿಗೆ ಒಂದು ಕತೆಯೂ ಬೆಳೆಯಿತು. ರಾಜ ಅವಳನ್ನು ಕಾಡಿಗೆ ಅಟ್ಟಿದನು. ಅವಳು ಒಂದು ಮುದುಕಿಯ ಮನೆಯಲ್ಲಿ ಭತ್ತ ಕುಟ್ಟಿ ಬದುಕಿದಳು. ಕಡೆಗೆ ಮಕ್ಕಳು ಓದಿ ದೊಡ್ಡವರಾಗಿ ಅವಳನ್ನು ಕರೆದುಕೊಂಡು ಹೋದರು. ನನಗೆ ನಾಯಿಕೆಮ್ಮು ಬಂದ ವರ್ಷ ಆ ರಾಣಿಗೂ ಕೆಮ್ಮು ಬಂದದ್ದುಂಟು.

ನನ್ನನ್ನು ಶಾಲೆಗೆ ಸೇರಿಸಲು ಅಮ್ಮನೇ ಬಂದಳು. ಆಗೆಲ್ಲ ಶಾಲೆಯಲ್ಲಿ ಹೆಸರು ಬದಲಾಯಿಸುವುದು ಸಾಮಾನ್ಯ. ವಾರದ ಹೆಸರಿನ ಮಕ್ಕಳು ಬಂದರೆ ಮಾಸ್ತರರು ತಮಗೆ ತೋಚಿದ ಒಂದು ಚಂದದ ಹೆಸರು ಬರೆದುಕೊಳ್ಳುತ್ತಿದ್ದರು, ಅದು ಮನೆಯವರಿಗೆ ತಿಳಿಯುತ್ತಿದ್ದದ್ದು ಎಷ್ಟೋ ತಿಂಗಳ ನಂತರ. ನಮ್ಮ ಮಾಸ್ತರರೂ ಪೆನ್ನು ಎತ್ತಿ ಏನೋ ಬರೆಯಲು ಹೊರಟಿದ್ದರು. ಅಮ್ಮ ತಡೆದಳು. ಬಾಗಿಲ ಹೊರಗೆ ನಿಂತುಕೊಂಡೇ ಹೆಸರು ಹೇಳಿದಳು.

ಮಾಸ್ತರರು ತಲೆ ಎತ್ತಿದರು. “ಇರುವಂತಿ? ಇದು ನಿನಗೆ ಎಲ್ಲಿ ಸಿಕ್ಕಿತು? ಅರ್ಥ ಏನು, ಹೇಳು ನೋಡುವ.”

“ರಾಣಿ” ಎಂದಳು ಅಮ್ಮ.

ಒಳಗೆ ಕುಳಿತ ಮಕ್ಕಳೆಲ್ಲ ನಕ್ಕರು. ಮಾಸ್ತರರು ನಗಲಿಲ್ಲ. ವಿಚಾರಿಸಿ ಬರೆಯುತ್ತೇನೆ, ಈಗ ಹೋಗು ಎಂದು ಹೇಳಿ ಕಳುಹಿಸಿದರು. ಒಂದು ವಾರ ನನ್ನ ಹೆಸರಿನ ಜಾಗ ಖಾಲಿ ಇತ್ತು. ಹಾಜರಿ ಕರೆಯುವಾಗ ಕಡೆಯಲ್ಲಿ ನನ್ನ ಕಡೆ ನೋಡಿ ತಲೆ ಅಲ್ಲಾಡಿಸುತ್ತಿದ್ದರು, ನಾನೂ ಅಲ್ಲಾಡಿಸುತ್ತಿದ್ದೆ. ಮುಂದಿನ ಸೋಮವಾರ ಏನೂ ಹೇಳದೆ ಆ ಹೆಸರನ್ನೇ ಕರೆದರು. ನನ್ನದೇ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಅಲ್ಲಿಂದ ಶಾಲೆಯಲ್ಲಿ ಒಂದು ಹೆಸರು, ಮನೆಯಲ್ಲಿ ಇನ್ನೊಂದು. ಮಾವನ ಮಾತು ಮೀರಿ ಅಮ್ಮನೂ ಮನೆಯೊಳಗೆ ನನ್ನನ್ನು ಇರುವಂತಿ ಎಂದು ಕರೆದವಳಲ್ಲ. ತುಕ್ರು, ನೀರು ತಾ. ತುಕ್ರು, ಕೋಳಿ ಓಡಿಸು. ಆದರೆ ಶಾಲೆಗೆ ಹೋಗುವ ದಾರಿಯಲ್ಲಿ ಒಂದು ತೋಡು ಇತ್ತು. ಮಳೆಗಾಲದಲ್ಲಿ ಅದರ ಮೇಲಿನ ಮರದ ಸಂಕ ದಾಟಿಸಲು ಅಮ್ಮ ಬರುತ್ತಿದ್ದಳು. ನಾನು ಆಚೆ ದಡಕ್ಕೆ ಕಾಲಿಟ್ಟ ಮೇಲೆ ಈಚೆಯಿಂದಲೇ, “ಇರುವಂತಿ, ಜಾಗ್ರತೆ ಹೋಗು” ಎನ್ನುತ್ತಿದ್ದಳು. ಸಂಕದ ಆಚೆ ಮಾತ್ರ. ಬೇಸಗೆಯಲ್ಲಿ ತೋಡು ಒಣಗಿರುತ್ತಿತ್ತು, ಅಮ್ಮ ಬರುತ್ತಿರಲಿಲ್ಲ, ಆ ಕರೆಯೂ ಇರುತ್ತಿರಲಿಲ್ಲ.

ಶಾಲೆಯ ಮಕ್ಕಳು ರಾಣಿಯ ಕತೆಯನ್ನು ಬಿಡಲಿಲ್ಲ. ನಾನು ಬಂದರೆ ದಾರಿ ಬಿಡಿ, ರಾಣಿ ಬಂದರು ಎಂದು ಒಬ್ಬರಿಗೊಬ್ಬರು ಹೇಳಿ ಎದ್ದು ನಿಲ್ಲುತ್ತಿದ್ದರು. ಬೆಳಿಗ್ಗೆ ನಾನೂ ಅಮ್ಮನೊಟ್ಟಿಗೆ ತೌಡು ಕೇರಿ ಬರುತ್ತಿದ್ದೆ. ರಾಣಿಯ ಕೈಯಲ್ಲಿ ತೌಡಿನ ವಾಸನೆ ಉಂಟು ಎಂದು ಒಬ್ಬಳು ಹುಡುಗಿ ಸ್ಲೇಟು ದೂರ ಎಳೆದುಕೊಂಡಳು. ವಾಸನೆ ಇದ್ದದ್ದು ನಿಜ. ಅವಳಿಗಿಂತ ಮೊದಲು ಮಗ್ಗಿ ಒಪ್ಪಿಸುವುದೊಂದೇ ಆಗ ನನಗೆ ಗೊತ್ತಿದ್ದ ಉತ್ತರ. ಅದನ್ನೇ ಕೊಟ್ಟೆ.

ಮಾವ ಇದ್ದದ್ದು ಕಲ್ಲಡ್ಕದಲ್ಲಿ. ಎತ್ತಿನ ಗಾಡಿಯಲ್ಲಿ ಅಡಿಕೆ ಮೂಟೆಗಳನ್ನು ಬಂಟ್ವಾಳದ ಹೊಳೆಬದಿಗೆ ಮುಟ್ಟಿಸುವುದು ಅವರ ಕೆಲಸ. ಅಲ್ಲಿಂದ ಮಾಲು ದೋಣಿಯಲ್ಲಿ ಮಂಗಳೂರಿಗೆ ಹೋಗುತ್ತಿತ್ತು. ವರ್ಷಕ್ಕೆ ಎರಡು ಸಲ ನಮ್ಮಲ್ಲಿಗೆ ಬರುವಾಗ ಬಾಳೆ ಎಲೆಯಲ್ಲಿ ಕಟ್ಟಿದ ಖಾರಕಡ್ಡಿ ತರುತ್ತಿದ್ದರು. ಕೆಟ್ಟ ಮನುಷ್ಯ ಅಲ್ಲವೇ ಅಲ್ಲ. “ತುಕ್ರು, ಈಗ ಎಷ್ಟನೆಯದು?” ಎಂದು ಕೇಳುವರು. ಹೇಳಿದರೆ ಖುಷಿಪಡುವರು. ಆಮೇಲೆ ಅಮ್ಮನ ಕಡೆ ತಿರುಗಿ, ಆ ಹೆಸರು ಇನ್ನೂ ಶಾಲೆಯ ಪುಸ್ತಕದಲ್ಲಿ ಉಂಟಾ, ತೆಗೆಸಿದೆಯಾ ಎಂದು ವಿಚಾರಿಸುವರು. ಅವರಿಗೆ ಇದ್ದದ್ದು ಹೆದರಿಕೆ. ಅವರ ಅಜ್ಜನನ್ನು ಒಮ್ಮೆ ಧಣಿಯ ಎದುರು ಚಪ್ಪಲಿ ಹಾಕಿ ನಡೆದ ಎಂಬ ಕಾರಣಕ್ಕೆ ಗದ್ದೆಯಿಂದ ಎಬ್ಬಿಸಿದ್ದರು. ಚಪ್ಪಲಿಯಾದರೆ ಕಳಚಿಡಬಹುದು, ಹೆಸರನ್ನು ಎಲ್ಲಿ ಕಳಚಿಡುತ್ತೀ ಎಂದು ಅಮ್ಮನಿಗೆ ಹೇಳುತ್ತಿದ್ದರು. ಅಮ್ಮ ಅವರ ಬಟ್ಟಲಿಗೆ ಇನ್ನಷ್ಟು ಗಂಜಿ ಬಡಿಸುತ್ತಿದ್ದಳು.

ಹೈಸ್ಕೂಲು ಮೂಡುಬಿದಿರೆಯಲ್ಲಿ. ನಡೆದೇ ಹೋಗುವುದು, ನಡೆದೇ ಬರುವುದು. ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ನಮ್ಮ ಪಾಲಿಗೆ ಬದಲಾದದ್ದು ಪುಸ್ತಕದ ಪಾಠಗಳು ಮಾತ್ರ. ಎಸ್ಸೆಸ್ಸೆಲ್ಸಿ ಪಾಸಾದೆ. ನಮ್ಮ ಒಕ್ಕಲುಮನೆಗಳಲ್ಲಿ ಅಲ್ಲಿಯವರೆಗೆ ಗಂಡಸರೂ ಅದನ್ನು ಮುಟ್ಟಿರಲಿಲ್ಲ. ಮುಂದೆ ಓದುವ ಅನುಕೂಲ ಇರಲಿಲ್ಲ. ಬೆಳ್ತಂಗಡಿಯ ಆಚೆ, ಕಾಡಿನ ಅಂಚಿನಲ್ಲಿರುವ ನೆರಿಯದ ಒಂದು ಶಾಲೆಯಲ್ಲಿ ತರಬೇತಿ ಇಲ್ಲದ ಟೀಚರ್ ಆಗಿ ಎರಡು ವರ್ಷ ಇದ್ದೆ. ಅಲ್ಲಿ ದಿನಾ ಹಾಜರಿ ಪುಸ್ತಕದಲ್ಲಿ ಇರುವಂತಿ ಎಂದು ಸಹಿ ಮಾಡುತ್ತಿದ್ದೆ. ಆದರೆ ಮಕ್ಕಳಿಗೆ ನಾನು ಟೀಚರ್, ಊರವರಿಗೂ ಟೀಚರ್. ನನ್ನ ಹೆಸರು ಇದ್ದದ್ದು ಕಾಗದದಲ್ಲಿ. ನಮ್ಮವರ ಪೈಕಿ ಅದನ್ನು ಬಾಯಿಬಿಟ್ಟು ಹೇಳಿದವಳು ಸಂಕದ ಈಚೆ ನಿಂತ ಅಮ್ಮ ಒಬ್ಬಳೇ. ಮಾವ ಹೇಳಿದ್ದು ಸುಳ್ಳಾಗಿಲ್ಲವಲ್ಲ ಎಂದು ನೆರಿಯದಲ್ಲಿ ನನಗೆ ಅನ್ನಿಸಿದ್ದುಂಟು.

ಅಮ್ಮ ಬಿಡಲಿಲ್ಲ. ರಾಣಿಯ ಮಕ್ಕಳು ಪೂರ್ತಿ ಓದಿದರು, ಅರ್ಧದಲ್ಲಿ ಬಿಡಲಿಲ್ಲ ಎಂದು ಪ್ರತಿ ರಜೆಯಲ್ಲೂ ಶುರು ಮಾಡಿದಳು. ಕೊನೆಗೆ ಮಂಗಳೂರಿನ ಒಂದು ಕಾಲೇಜಿಗೆ ಸೇರಿದೆ. ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತು. ಬಿ.ಎ.ಗೆ ಕನ್ನಡವನ್ನೇ ಮುಖ್ಯ ವಿಷಯ ಮಾಡಿಕೊಂಡೆ. ಆ ರಾಣಿ ಯಾವ ಕಾವ್ಯದವಳು ಎಂದು ಕಂಡುಹಿಡಿಯಬೇಕು ಎಂಬ ಆಸೆಯೂ ಅದರಲ್ಲಿ ಇತ್ತು.

ಹಳಗನ್ನಡ ಪಾಠ ಮಾಡುವ ಮೇಷ್ಟ್ರು ಮೊದಲ ದಿನ ಹಾಜರಿ ಕರೆಯುವಾಗ ನನ್ನ ಹೆಸರು ಬಂದಾಗ ನಿಲ್ಲಿಸಿದರು. ತರಗತಿ ಮುಗಿದ ಮೇಲೆ ಕರೆದು ಯಾರು ಇಟ್ಟದ್ದು ಎಂದು ಕೇಳಿದರು. ಅಮ್ಮ ಎಂದೆ. ಓದಿದವರೇ ಎಂದರು. ಇಲ್ಲ, ಭತ್ತ ಕುಟ್ಟುತ್ತಾಳೆ ಎಂದೆ. ಹಾಗಾದರೆ ಈ ರಾಣಿ ಯಾವ ಕಾವ್ಯದವಳು ಎಂದು ನಾನೇ ತಿರುಗಿ ಕೇಳಿಬಿಟ್ಟೆ. ಅವರು ನನ್ನನ್ನು ಲೈಬ್ರರಿಗೆ ಕರೆದುಕೊಂಡು ಹೋಗಿ ದಪ್ಪದ ನಿಘಂಟು ತೆಗೆದು ಪುಟ ತೋರಿಸಿದರು.

ಇರುವಂತಿ ಎಂದರೆ ಒಂದು ಜಾತಿಯ ಮಲ್ಲಿಗೆ. ಅಷ್ಟೇ. ಹಳೆಯ ಕವಿಗಳು ಉದ್ಯಾನವನ್ನು ವರ್ಣಿಸುವಾಗ ಸಂಪಗೆ, ಸುರಗಿ, ಪಾದರಿ, ಮೊಲ್ಲೆ ಎಂದು ಸಾಲಾಗಿ ಹೂಗಳನ್ನು ಎಣಿಸುತ್ತಾರಲ್ಲ, ಆ ಸಾಲಿನಲ್ಲಿ ಬರುವ ಒಂದು ಹೂವು. ಅದು ಸುತ್ತು ಸುತ್ತು ದಳದ ಮಲ್ಲಿಗೆ ಎಂದು ಕೆಲವರು ಹೇಳುತ್ತಾರೆ, ಬೇರೆಯೇ ಇರಬಹುದು ಎಂದು ಕೆಲವರು. ಶಬ್ದದ ಮೂಲ ಎಲ್ಲಿಂದ ಎಂದು ಖಚಿತವಾಗಿ ಹೇಳಿದವರು ನನಗೆ ಆಗಲೂ ಸಿಗಲಿಲ್ಲ, ಆಮೇಲೂ ಸಿಗಲಿಲ್ಲ. ಕವಿಗಳು ಅದನ್ನು ಬರೆಯುವುದನ್ನು ಬಿಟ್ಟ ಮೇಲೆ ಜನರೂ ಬಿಟ್ಟರು. ಯಾವ ಕಾವ್ಯದಲ್ಲೂ ಆ ಹೆಸರಿನ ರಾಣಿ ಇದ್ದದ್ದು ತನಗೆ ಗೊತ್ತಿಲ್ಲ ಎಂದು ಮೇಷ್ಟ್ರು ಹೇಳಿದರು.

ನನಗೆ ಬೇಸರವಾಯಿತು ಎಂದೇ ಹೇಳಬೇಕು. ಹೂವಿನ ಹೆಸರು ಸಣ್ಣದೆಂದು ಅಲ್ಲ. ಇಷ್ಟು ವರ್ಷ ಅಮ್ಮನ ಬೆನ್ನಿಗೆ ನಿಂತವಳು ಆ ರಾಣಿ. ಈಗ ಅವಳೇ ಇಲ್ಲ.

ರಜೆಯಲ್ಲಿ ಮನೆಗೆ ಹೋದಾಗ ಅಮ್ಮ ಅಂಗಳದಲ್ಲಿ ಭತ್ತ ಬೇಯಿಸುತ್ತಿದ್ದಳು. ಒಲೆಯ ಹತ್ತಿರ ಕುಳಿತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಮ್ಮ ಕೊಳ್ಳಿ ಒಳಗೆ ನೂಕಿದಳು.

“ಕಾಡಿಗೆ ಅಟ್ಟಿದ್ದು?”

“ಅದೂ ಇಲ್ಲ ಅಮ್ಮ.”

“ಹಾಗಾದರೆ ದೊಡ್ಡಮನೆಯ ಅಮ್ಮ ಕಣ್ಣು ಒರೆಸಿಕೊಂಡದ್ದು ಯಾಕೆ?”

ಅಮ್ಮ ಇನ್ನೊಂದು ಕೊಳ್ಳಿ ನೂಕಿ, ಆ ಹೂ ನಮ್ಮ ಕಡೆ ಉಂಟಾ ಎಂದು ಕೇಳಿದಳು. ಇರಬಹುದು, ನಾವು ಬೇರೆ ಹೆಸರಿನಲ್ಲಿ ಕರೆಯುತ್ತಿರಬಹುದು ಎಂದೆ. ಕಡೆಗೆ ಒಂದೇ ಮಾತು ಹೇಳಿದಳು, “ಮಾವನಿಗೆ ಹೇಳಬೇಡ.” ಅವಳಿಗೆ ನಾಚಿಕೆಯಾದದ್ದು ಅಣ್ಣನೊಬ್ಬನ ಎದುರು. ಅವರ ಮಾತು ಮೀರಿ ಶಾಲೆಯಲ್ಲಿ ಬರೆಸಿದ್ದು, ಅಷ್ಟು ವರ್ಷ ಅವರ ಸಿಟ್ಟು ಸಹಿಸಿಕೊಂಡದ್ದು, ಎಲ್ಲ ರಾಣಿ ಎಂಬ ಒಂದು ನೆಪದ ಮೇಲೆ.

ಹಿರಿಯಮ್ಮ ಯಾಕೆ ಕಣ್ಣು ಒರೆಸಿಕೊಂಡರು ಎಂದು ತಿಳಿಯಲು ನಾನು ಮರುದಿನ ದೊಡ್ಡಮನೆಗೆ ಹೋದೆ. ಅವರಿಗೆ ಆಗ ವಯಸ್ಸಾಗಿತ್ತು, ಚಾವಡಿಯ ಮೂಲೆಯಲ್ಲಿ ದಿಂಬಿಗೆ ಒರಗಿ ಜಪದ ಸರ ಹಿಡಿದು ಕುಳಿತಿದ್ದರು. ಕಾಲೇಜಿಗೆ ಹೋಗುವವಳು ಎಂದು ಹತ್ತಿರ ಕರೆದರು. ನಾನು ಆ ಓದಿನ ವಿಷಯ ತೆಗೆದೆ. ಅವರಿಗೆ ನಗು ಬಂತು. ಓದುತ್ತಿದ್ದ ಹಿರಿಯರಿಗೆ ತೋಟವೆಂದರೆ ಪ್ರಾಣವಂತೆ, ಹೂವಿನ ಸಾಲು ಬಂದರೆ ಸಾಕು, ಒಂದೊಂದನ್ನೂ ಎರಡೆರಡು ಸಲ ಹಾಡದೆ ಬಿಡುತ್ತಿರಲಿಲ್ಲವಂತೆ. “ಕತೆ ಮುಂದೆ ಹೋಗುವುದೇ ಇಲ್ಲ ಎಂದು ನನಗೆ ಆಕಳಿಕೆ ಬರುತ್ತಿತ್ತು. ಆಕಳಿಸಿದರೆ ಕಣ್ಣಲ್ಲಿ ನೀರು ಬರುವುದಿಲ್ಲವಾ?”

ನಾನೂ ನಕ್ಕೆ. ಆಮೇಲೆ ಅವರು ಹೇಳಿದ್ದು ಮಾತ್ರ ನಾನು ಎಣಿಸದೇ ಇದ್ದದ್ದು. ನನ್ನ ಹೆಸರು ಅವರಿಗೆ ಮೊದಲೇ ಗೊತ್ತಿತ್ತು. ನಾನು ಶಾಲೆಗೆ ಸೇರಿದ ಆ ವಾರ ಮಾಸ್ತರರು ವಿಚಾರಿಸಲು ಬಂದದ್ದು ಇದೇ ಚಾವಡಿಗೆ. ನಿಮ್ಮ ಒಕ್ಕಲಿನವಳು ಹೀಗೊಂದು ಹೆಸರು ಹೇಳುತ್ತಾಳೆ, ಬರೆಯಬಹುದೇ ಎಂದು ಕೇಳಿದರಂತೆ. “ಹೂವಿನ ಹೆಸರು, ಬರೆಯಿರಿ ಎಂದೆ. ನಮ್ಮ ಮನೆಯ ಹುಡುಗಿಯರಿಗೆ ಯಾರಿಗೂ ತೋಚಲಿಲ್ಲ ನೋಡು.” ಇಷ್ಟು ಹೇಳಿ ಸರ ಎಣಿಸಲು ಶುರು ಮಾಡಿದರು. ಮಾಸ್ತರರು ಇದನ್ನು ಅಮ್ಮನಿಗೆ ಯಾಕೆ ಹೇಳಲಿಲ್ಲವೋ, ಕೇಳಲು ಅವರು ಆಗ ಊರಿನಲ್ಲಿ ಇರಲಿಲ್ಲ.

ಬಿ.ಎ. ಸುಲಭವಾಗಿ ಆಗಲಿಲ್ಲ. ಕೊನೆಯ ವರ್ಷ ಇಂಗ್ಲಿಷಿನಲ್ಲಿ ಡುಮ್ಕಿ ಹೊಡೆದೆ. ಸುದ್ದಿ ಕಲ್ಲಡ್ಕಕ್ಕೆ ಮುಟ್ಟಿದಾಗ ಮಾವ, ಎತ್ತರದ ಹೆಸರು ಇಟ್ಟರೆ ಹೀಗೇ, ಹೊರಲಿಕ್ಕೆ ಆಗುವುದಿಲ್ಲ ಎಂದು ಹೇಳಿ ಕಳುಹಿಸಿದರು. ನಾನು ಹಾಸ್ಟೆಲ್ ಬಿಟ್ಟು ಮನೆಗೆ ಬಂದು, ಬೆಳಿಗ್ಗೆ ಅಮ್ಮನೊಟ್ಟಿಗೆ ಒನಕೆ ಹಿಡಿದು, ಮಧ್ಯಾಹ್ನ ಇಂಗ್ಲಿಷ್ ವ್ಯಾಕರಣ ಬಾಯಿಪಾಠ ಮಾಡಿದೆ. ಎರಡನೆಯ ಸಲ ಪಾಸಾಯಿತು. ಮೈಸೂರಿಗೆ ಹೋಗಿ ಘಟಿಕೋತ್ಸವದಲ್ಲಿ ನಿಲ್ಲುವ ಯೋಚನೆಯನ್ನೇ ಮಾಡಲಿಲ್ಲ. ಸರ್ಟಿಫಿಕೇಟು ಕಾಲೇಜಿನ ಆಫೀಸಿಗೆ ಬಂತು. ಗುಮಾಸ್ತರು ಸಹಿ ಹಾಕಿಸಿಕೊಂಡು ಕೊಟ್ಟರು.

ಅದನ್ನು ಮೊದಲು ಮಾವನಿಗೆ ತೋರಿಸಬೇಕು ಎಂದವಳು ಅಮ್ಮನೇ. ಅವಳು ಮೂಡುಬಿದಿರೆ ಕಡೆಯಿಂದ ಬಸ್ಸಿನಲ್ಲಿ ಬಂಟ್ವಾಳಕ್ಕೆ ಬಂದಳು, ನಾನು ಮಂಗಳೂರಿನಿಂದ ಬಂದೆ. ಇಬ್ಬರೂ ಸೇರಿ ಕಲ್ಲಡ್ಕಕ್ಕೆ ಹೋದೆವು. ಆಗ ಅಡಿಕೆ ಲಾರಿಯಲ್ಲಿ ಹೋಗಲು ಶುರುವಾಗಿ ಮಾವ ಗಾಡಿ ಮಾರಿದ್ದರು. ಕಾಲು ನೋವು ಬೇರೆ. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದರು, ನಮ್ಮನ್ನು ಕಂಡು ಬೈರಾಸು ಕೊಡವಿ ಹೆಗಲಿಗೆ ಹಾಕಿಕೊಂಡರು.

ನಾನು ಸುರುಳಿ ಬಿಚ್ಚಿ ಅವರ ಕೈಗೆ ಕೊಟ್ಟೆ. ಅವರು ಎರಡೂ ಕೈ ಬೈರಾಸಿಗೆ ಒರೆಸಿಕೊಂಡು ಹಿಡಿದರು. ಮೂಟೆಗಳ ಮೇಲಿನ ಅಂಗಡಿ ಗುರುತು ಬಿಟ್ಟರೆ ಅವರಿಗೆ ಅಕ್ಷರ ಗೊತ್ತಿಲ್ಲ, ಇದಂತೂ ಇಂಗ್ಲಿಷ್.

“ಎಲ್ಲಿ ಉಂಟು?”

“ಏನು ಮಾವ?”

“ಹೆಸರು.”

ತೋರಿಸಿದೆ. ಅದರ ಕೆಳಗೆ ಹೆಬ್ಬೆರಳು ಇಟ್ಟರು, ಮುಟ್ಟದ ಹಾಗೆ.

“ಆ ರಾಣಿಯದೇ?”

ಅಮ್ಮ ಅಂಗಳದ ಕಡೆ ಮುಖ ತಿರುಗಿಸಿದಳು. ಹೌದು ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಕಾಗದ ಕೈಯಲ್ಲಿ ಇರುವಾಗ ನನಗೆ ಸುಳ್ಳು ಹೇಳಲು ಬರಲಿಲ್ಲ.

“ರಾಣಿ ಅಲ್ಲ ಮಾವ. ಹೂವು. ಒಂದು ಮಲ್ಲಿಗೆ. ರಾಣಿ ಎಂದು ಅಮ್ಮ ತಪ್ಪು ತಿಳಿದದ್ದು. ದೊಡ್ಡಮನೆಯ ಅಮ್ಮನಿಗೆ ನಾನು ಶಾಲೆಗೆ ಸೇರಿದಾಗಲೇ ಗೊತ್ತಿತ್ತು. ಬರೆಯಿರಿ ಎಂದು ಮಾಸ್ತರರಿಗೆ ಹೇಳಿದ್ದೇ ಅವರು.”

“ಗೊತ್ತಿತ್ತಾ?”

“ಗೊತ್ತಿತ್ತು.”

“ಗದ್ದೆ?”

“ಗದ್ದೆ ನಮ್ಮಲ್ಲೇ ಉಂಟಲ್ಲ.”

ಮಾವ ಹೆಬ್ಬೆರಳು ತೆಗೆಯದೆ ಅಮ್ಮನ ಕಡೆ ತಿರುಗಿದರು. “ಇಪ್ಪತ್ತು ವರ್ಷ ನೀನು ನನ್ನ ನಿದ್ದೆ ತೆಗೆದದ್ದು ಒಂದು ಮಲ್ಲಿಗೆಗಾ?”

“ನಿದ್ದೆ ಬಿಡು ಎಂದು ನಿನಗೆ ಯಾರು ಹೇಳಿದ್ದು ಅಣ್ಣ?” ಎಂದಳು ಅಮ್ಮ.

ಮಾವ ಸರ್ಟಿಫಿಕೇಟನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಟ್ಟಗೆ ಕುಳಿತು, ಒಳಗೆ ಅಡುಗೆ ಮಾಡುತ್ತಿದ್ದ ಅತ್ತೆಗೆ ಕೇಳುವ ಹಾಗೆ ಹೇಳಿದರು:

“ಇರುವಂತಿ ಬಂದಿದ್ದಾಳೆ. ಇನ್ನೆರಡು ಮುಷ್ಟಿ ಅಕ್ಕಿ ಹಾಕು.”